ಹಳೆ ಸಾಫ್ಟ್‌ವೇರ್ ಎಮ್ಯುಲೇಟರ್‌ನಲ್ಲಿ ಓಡುತ್ತಿಲ್ಲವೇ? ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಹಳೆ ಪ್ರೋಗ್ರಾಂ ಹೊಸ ಕಂಪ್ಯೂಟರ್‌ನಲ್ಲಿ ಕೈಕೊಟ್ಟರೆ ಮೊದಲ ಅನುಮಾನ ಫೈಲ್ ಮೇಲೇ ಬರುತ್ತದೆ. "ಫೈಲ್ ಕೆಟ್ಟಿದೆ" ಅಂದುಕೊಂಡು ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬಹಳ ಸಲ ಫೈಲ್ ಚೆನ್ನಾಗೇ ಇರುತ್ತದೆ. ಅದನ್ನು ಬರೆದವರು ಒಂದು ಯಂತ್ರವನ್ನು ಎದುರಿಗಿಟ್ಟುಕೊಂಡು ಬರೆದಿದ್ದರು. ಪ್ರೊಸೆಸರ್ ಇಷ್ಟೇ ವೇಗ, ಮೆಮೊರಿ ಇಷ್ಟೇ, ಡಿಸ್ಕ್ ಇಷ್ಟೇ ದೊಡ್ಡದು, ಸೌಂಡ್ ಕಾರ್ಡ್ ಇಂಥ ವಿಳಾಸದಲ್ಲೇ ಸಿಗುತ್ತದೆ ಎಂದು ನಂಬಿದ ಕೋಡ್ ಅದು. ಆ ಯಂತ್ರವನ್ನು ಮತ್ತೆ ಕಟ್ಟಿಕೊಡುವುದು ಎಮ್ಯುಲೇಟರ್‌ನ ಕೆಲಸ. ಹಾಗಾಗಿ ಯಾವ ದೋಷ ಕಂಡರೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಈ ಪ್ರೋಗ್ರಾಂ ಎಂಥ ಯಂತ್ರ ಬೇಕು ಅನ್ನುತ್ತಿದೆ, ನಾನು ಎಂಥದ್ದನ್ನು ಕೊಟ್ಟಿದ್ದೇನೆ?

ಕೆಳಗಿನ ಭಾಗಗಳು ಕಣ್ಣಿಗೆ ಕಾಣುವ ಲಕ್ಷಣಗಳ ಪ್ರಕಾರ ಇವೆ. ನಿಮ್ಮ ಲಕ್ಷಣ ಯಾವುದೋ ಅಲ್ಲಿಗೆ ನೇರವಾಗಿ ಹೋಗಬಹುದು. ಮೊದಲ ಭಾಗವನ್ನು ಮಾತ್ರ ಎಲ್ಲರೂ ಓದಿ.

## ಕೈ ಹಾಕುವ ಮುಂಚೆ

ಮೂಲ ಫೈಲ್‌ಗಳನ್ನು ಮುಟ್ಟಬೇಡಿ. ಒಂದು ಕಾಪಿ ಮಾಡಿ, ಪ್ರಯೋಗವೆಲ್ಲ ಆ ಕಾಪಿಯ ಮೇಲೆ ನಡೆಯಲಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಬದಲಿಸಿದ್ದನ್ನು ಬರೆದಿಟ್ಟುಕೊಳ್ಳಿ. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದರಿಂದ ಸರಿಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಡಾಸ್‌ಬಾಕ್ಸ್ (ವಿಂಡೋಸ್‌ಗಿಂತ ಮುಂಚಿನ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಎಮ್ಯುಲೇಟರ್) ಬಳಸುವಾಗ ನಿಮ್ಮ ಕಂಪ್ಯೂಟರ್‌ನ ಇಡೀ ಸಿ ಡ್ರೈವನ್ನು ಮೌಂಟ್ ಮಾಡಲೇಬೇಡಿ, ಅಂದರೆ ಒಳಗಿನ ಯಂತ್ರಕ್ಕೆ ಡ್ರೈವ್ ಆಗಿ ಜೋಡಿಸಬೇಡಿ. ಹಾಗೆ ಮಾಡಿದರೆ ಹಳೆ ಪ್ರೋಗ್ರಾಂ ಅಳಿಸುವುದು, ಬರೆಯುವುದು ಎಲ್ಲ ನಿಮ್ಮ ನಿಜವಾದ ಫೈಲ್‌ಗಳ ಮೇಲೇ ನಡೆಯುತ್ತದೆ. ಹಳೆ ಪ್ರೋಗ್ರಾಂಗಳಿಗೆ ಅಂತಲೇ ಒಂದು ಫೋಲ್ಡರ್ ಮಾಡಿ, ಅದನ್ನು ಮಾತ್ರ ಕೊಡಿ.

ಹಳೆ ಫ್ಲಾಪಿಗಳ ಜೊತೆ ಹಳೆ ವೈರಸ್‌ಗಳೂ ಬರುತ್ತವೆ. 1991ರಲ್ಲಿ ಕಂಡ ಮೈಕೆಲಾಂಜೆಲೊ ವೈರಸ್ ಡಿಸ್ಕ್‌ನ ಬೂಟ್ ಸೆಕ್ಟರ್‌ನಲ್ಲಿ (ಯಂತ್ರ ಶುರುವಾದಾಗ ಮೊದಲು ಓದುವ ಜಾಗದಲ್ಲಿ) ಕೂತಿದ್ದು, ಮಾರ್ಚ್ 6 ಬಂದಾಗ ಡಿಸ್ಕ್ ಮೇಲಿನ ಮಾಹಿತಿ ಅಳಿಸುತ್ತಿತ್ತು. ಎಮ್ಯುಲೇಟರ್ ಒಳಗಿದ್ದರೆ ಇಂಥದ್ದು ಡಿಸ್ಕ್ ಇಮೇಜನ್ನು (ಇಡೀ ಡಿಸ್ಕ್‌ನ ನಕಲಾದ ಒಂದು ಫೈಲನ್ನು) ಮಾತ್ರ ಹಾಳು ಮಾಡುತ್ತದೆ. ಆದರೆ ನೀವು ನಿಮ್ಮ ಫೋಲ್ಡರ್ ಒಂದನ್ನು ಒಳಗಿನ ಯಂತ್ರಕ್ಕೆ ಹಂಚಿದ್ದರೆ, ಆ ಫೋಲ್ಡರ್‌ಗೂ ಸೋಂಕು ತಗಲಬಹುದು. ಸಿಕ್ಕ ಫೈಲ್‌ಗಳನ್ನು ಮೊದಲು ಈಗಿನ ಆ್ಯಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ.

## ಡಬಲ್ ಕ್ಲಿಕ್ ಮಾಡಿದರೆ "ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ" ಅನ್ನುತ್ತದೆ

ಇದು ದೋಷವೇ ಅಲ್ಲ. ಡಾಸ್ ಮತ್ತು ವಿಂಡೋಸ್ 3.1 ಕಾಲದ ಪ್ರೋಗ್ರಾಂಗಳು 16 ಬಿಟ್‌ನವು. ಈಗಿನ ಪ್ರೊಸೆಸರ್ 64 ಬಿಟ್ ರೀತಿಯಲ್ಲಿ ಓಡುವಾಗ, ಡಾಸ್ ಪ್ರೋಗ್ರಾಂಗಳಿಗೆ ಬೇಕಾದ ವರ್ಚುವಲ್ 8086 ಎಂಬ ಸೌಲಭ್ಯ ಅದರಲ್ಲಿ ಸಿಗುವುದಿಲ್ಲ. 32 ಬಿಟ್ ವಿಂಡೋಸ್‌ನಲ್ಲಿ ಇಂಥವನ್ನು ಓಡಿಸಲು ಎನ್‌ಟಿವಿಡಿಎಂ ಅನ್ನುವ ಭಾಗ ಇತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದು ಇಲ್ಲ. ವಿಂಡೋಸ್ 11 ಬಂದಿರುವುದೇ 64 ಬಿಟ್‌ನಲ್ಲಿ. ಹಾಗಾಗಿ "ಕಂಪ್ಯಾಟಿಬಿಲಿಟಿ ಮೋಡ್" ಆನ್ ಮಾಡಿ ಮಾಡಿ ನೋಡುವುದರಲ್ಲಿ ಅರ್ಥ ಇಲ್ಲ.

ಡಾಸ್ ಪ್ರೋಗ್ರಾಂ ಆಗಿದ್ದರೆ ಡಾಸ್‌ಬಾಕ್ಸ್‌ಗೆ ಹೋಗಿ. ವಿಂಡೋಸ್ 3.1ರ ಸಣ್ಣ ಪ್ರೋಗ್ರಾಂ ಆಗಿದ್ದರೆ ಮೊದಲು ವೈನ್‌ವಿಡಿಎಂ ನೋಡಿ, 64 ಬಿಟ್ ವಿಂಡೋಸ್‌ನಲ್ಲೇ 16 ಬಿಟ್ ಪ್ರೋಗ್ರಾಂ ಓಡಿಸುವ ಸಾಧನ ಅದು. ಅದು ಇಡೀ ಹಳೆ ವಿಂಡೋಸ್ ಹಾಕುವ ಕೆಲಸ ಉಳಿಸುತ್ತದೆ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. 90ರ ದಶಕದ ಕೊನೆಯ ಕೆಲವು ಪ್ರೋಗ್ರಾಂಗಳು ಸ್ವತಃ 32 ಬಿಟ್‌ನವು, ಅವುಗಳ ಇನ್‌ಸ್ಟಾಲರ್ ಮಾತ್ರ 16 ಬಿಟ್‌ನದು. ಸೆಟಪ್ ಓಡದಿದ್ದರೆ ಪ್ರೋಗ್ರಾಂ ಕೂಡ ಓಡುವುದಿಲ್ಲ ಅಂತ ತೀರ್ಮಾನಿಸಬೇಡಿ. ಸಿಡಿಯಲ್ಲಿ ಮುಖ್ಯ ಫೈಲ್ ಬಿಡಿಯಾಗಿ ಇದೆಯಾ ಅಂತ ಒಮ್ಮೆ ನೋಡಿ.

ಮ್ಯಾಕ್‌ನಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ಬರುತ್ತದೆ. 2019ರ ಕ್ಯಾಟಲಿನಾದಿಂದ ಮುಂದಕ್ಕೆ 32 ಬಿಟ್ ಆ್ಯಪ್‌ಗಳು ಓಡುವುದಿಲ್ಲ. ಎಮ್ಯುಲೇಟರ್ ಕೂಡ ಒಂದು ಆ್ಯಪ್ ತಾನೇ? ಹಳೆ ಎಮ್ಯುಲೇಟರ್ ಇಟ್ಟುಕೊಂಡಿದ್ದರೆ ಮೊದಲು ಅದರ ಹೊಸ ಆವೃತ್ತಿ ಹಾಕಿ.

## ಎಮ್ಯುಲೇಟರ್ ತೆರೆಯುತ್ತದೆ, ಆದರೆ ಪ್ರೋಗ್ರಾಂ ಸಿಗುವುದಿಲ್ಲ

ಡಾಸ್‌ಬಾಕ್ಸ್ ತೆರೆದಾಗ ಝೆಡ್ ಡ್ರೈವ್ ಮಾತ್ರ ಕಾಣುತ್ತದೆ. ನಿಮ್ಮ ಫೋಲ್ಡರನ್ನು ಮೌಂಟ್ ಕಮಾಂಡ್ ಕೊಟ್ಟು ಸಿ ಡ್ರೈವ್ ಆಗಿ ತೋರಿಸಬೇಕು. ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಪೂರ್ತಿ ಹಾದಿಯನ್ನು ಉದ್ಧರಣ ಚಿಹ್ನೆಯ ಒಳಗೆ ಬರೆಯಿರಿ.

ಡಾಸ್‌ಗೆ ಫೈಲ್ ಹೆಸರು ಎಂಟು ಅಕ್ಷರ, ಚುಕ್ಕೆಯ ನಂತರ ಮೂರು ಅಕ್ಷರ. ಅದಕ್ಕಿಂತ ಉದ್ದದ ಹೆಸರುಗಳು ಒಳಗೆ ಕತ್ತರಿಸಿದ ಹಾಗೆ ಕಾಣುತ್ತವೆ. ಫೋಲ್ಡರ್‌ಗೆ ಚಿಕ್ಕ ಹೆಸರು ಇಟ್ಟರೆ ಅರ್ಧ ತಲೆನೋವು ಅಲ್ಲೇ ಹೋಗುತ್ತದೆ. ಡಾಸ್‌ಬಾಕ್ಸ್ ಓಡುತ್ತಿರುವಾಗ ಹೊರಗಿನಿಂದ ಫೈಲ್ ಸೇರಿಸಿದ್ದರೆ ಅದು ತಕ್ಷಣ ಕಾಣದೆ ಇರಬಹುದು. ಕಂಟ್ರೋಲ್ ಮತ್ತು ಎಫ್‌4 ಒಟ್ಟಿಗೆ ಒತ್ತಿ, ಪಟ್ಟಿ ಹೊಸದಾಗುತ್ತದೆ.

## ಡಿಸ್ಕ್ ಇಮೇಜ್ ತೆರೆಯುವುದಿಲ್ಲ, ಅಥವಾ ಅರ್ಧಕ್ಕೇ ನಿಲ್ಲುತ್ತದೆ

ಇಲ್ಲಿ ಅತ್ಯಂತ ಅಗ್ಗದ ಪರೀಕ್ಷೆ ಅಂದರೆ ಫೈಲ್‌ನ ಗಾತ್ರ ನೋಡುವುದು. ಪ್ರಾಪರ್ಟೀಸ್ ತೆರೆದು ಬೈಟ್‌ಗಳ ಲೆಕ್ಕ ಓದಿ. ಸಾಮಾನ್ಯ ಇಮೇಜ್‌ಗಳ ಗಾತ್ರ ಹೀಗಿರುತ್ತದೆ:

- 1.44 ಎಂಬಿ ಫ್ಲಾಪಿ: 14,74,560 ಬೈಟ್
- 1.2 ಎಂಬಿ ಫ್ಲಾಪಿ: 12,28,800 ಬೈಟ್
- 720 ಕೆಬಿ ಫ್ಲಾಪಿ: 7,37,280 ಬೈಟ್
- 360 ಕೆಬಿ ಫ್ಲಾಪಿ: 3,68,640 ಬೈಟ್
- ಅಮಿಗಾದ (ಕಮಡೋರ್ ಕಂಪನಿಯ ಹಳೆ ಕಂಪ್ಯೂಟರ್) ಎಡಿಎಫ್: 9,01,120 ಬೈಟ್
- ಕಮಡೋರ್ 64 ಎಂಬ ಹಳೆ ಮನೆ ಕಂಪ್ಯೂಟರ್‌ನ ಡಿ64, 35 ಟ್ರ್ಯಾಕ್‌ನದು: 1,74,848 ಬೈಟ್

ಇದಕ್ಕಿಂತ ಕಡಿಮೆ ಇದ್ದರೆ ಇಮೇಜ್ ಪೂರ್ತಿ ಆಗಿಲ್ಲ. ಡೌನ್‌ಲೋಡ್ ನಡುವೆ ನಿಂತಿರಬಹುದು, ಅಥವಾ ಡಿಸ್ಕ್ ಓದುವಾಗ ಕೊನೆಯ ಟ್ರ್ಯಾಕ್‌ಗಳು ಬಿಟ್ಟುಹೋಗಿರಬಹುದು. ಸೆಟ್ಟಿಂಗ್ ಎಷ್ಟು ಬದಲಿಸಿದರೂ ಅದು ಸರಿಹೋಗುವುದಿಲ್ಲ, ಮತ್ತೆ ಕಾಪಿ ಮಾಡಬೇಕು. ಸ್ವಲ್ಪ ಜಾಸ್ತಿ ಇದ್ದರೆ ಅದು ಬೇರೆ ಮಾದರಿಯ ಇಮೇಜ್ ಆಗಿರುವ ಸಾಧ್ಯತೆ ಇದೆ.

ಗಾತ್ರ ಸರಿಯಾಗಿದ್ದೂ ಪ್ರೋಗ್ರಾಂ ಮಧ್ಯದಲ್ಲಿ ನಿಂತರೆ ಕಾಪಿ ತಡೆಯ ಕಡೆ ನೋಡಿ. ಆ ಕಾಲದ ಕಂಪನಿಗಳು ಡಿಸ್ಕ್ ಮೇಲೆ ಬೇಕೆಂದೇ ವಿಚಿತ್ರ ಟ್ರ್ಯಾಕ್‌ಗಳನ್ನು ಬರೆಯುತ್ತಿದ್ದವು. ಮಾಮೂಲಿ ಇಮೇಜ್ ಮಾಹಿತಿಯನ್ನು ಮಾತ್ರ ಹಿಡಿದಿಡುತ್ತದೆ, ಆ ವಿಚಿತ್ರವನ್ನು ಬಿಡುತ್ತದೆ. ಅಮಿಗಾಗೆ ಐಪಿಎಫ್, ಕಮಡೋರ್‌ಗೆ ಜಿ64 ಮಾದರಿ ಇರುವುದು ಇದಕ್ಕೇ. ಕಮಡೋರ್‌ನಲ್ಲಿ ಇನ್ನೊಂದು ಕಾರಣವೂ ಇದೆ. ಎಷ್ಟೋ ಆಟಗಳು ಬೇಗ ಲೋಡ್ ಆಗಲು ತಮ್ಮದೇ ಕೋಡನ್ನು ಡಿಸ್ಕ್ ಡ್ರೈವ್ ಒಳಗಿನ ಪ್ರೊಸೆಸರ್‌ಗೆ ಕಳಿಸುತ್ತಿದ್ದವು. ವೈಸ್ ಎಮ್ಯುಲೇಟರ್‌ನಲ್ಲಿ "ಟ್ರೂ ಡ್ರೈವ್ ಎಮ್ಯುಲೇಷನ್" ಆಫ್ ಆಗಿದ್ದರೆ ಆ ಪ್ರೊಸೆಸರೇ ಅಲ್ಲಿ ಇರುವುದಿಲ್ಲ. ಪರದೆ ಖಾಲಿಯಾಗಿ ನಿಂತುಬಿಡುತ್ತದೆ. ಅದನ್ನು ಆನ್ ಮಾಡಿ ನೋಡಿ. ಲೋಡ್ ನಿಧಾನವಾಗಿ, ಹಳೆ ಡ್ರೈವ್‌ನ ವೇಗದಲ್ಲೇ ಆಗುತ್ತದೆ. ಅದೇ ಸರಿಯಾದ ಲಕ್ಷಣ.

ಸಿಡಿಗಳಲ್ಲಿ ಐಎಸ್‌ಓ ಫೈಲ್ ಮಾಹಿತಿಯ ಟ್ರ್ಯಾಕ್ ಒಂದನ್ನೇ ಇಟ್ಟುಕೊಳ್ಳುತ್ತದೆ. ಆಟದ ಸಂಗೀತ ಸಿಡಿಯಲ್ಲಿ ಹಾಡಿನ ಟ್ರ್ಯಾಕ್‌ಗಳಾಗಿ ಇದ್ದರೆ ಅವು ಐಎಸ್‌ಓದಲ್ಲಿ ಬರುವುದೇ ಇಲ್ಲ. ಅದಕ್ಕೆ ಕ್ಯೂ ಮತ್ತು ಬಿನ್ ಜೋಡಿ ಬೇಕು. ಕ್ಯೂ ಫೈಲ್ ಅಂದರೆ ಬರೀ ಪಠ್ಯ. ಅದರ ಒಳಗೆ ಬಿನ್ ಫೈಲ್‌ನ ಹೆಸರು ಬರೆದಿರುತ್ತದೆ. ನೀವು ಬಿನ್ ಫೈಲ್‌ನ ಹೆಸರು ಬದಲಿಸಿದ್ದರೆ ಕ್ಯೂ ಅದನ್ನು ಹುಡುಕಿ ಸೋಲುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಹೆಸರು ಸರಿ ಮಾಡಿ. ಡಾಸ್‌ಬಾಕ್ಸ್‌ನಲ್ಲಿ ಸಿಡಿ ಇಮೇಜ್ ಹಾಕುವಾಗ ಮೌಂಟ್ ಅಲ್ಲ, ಐಎಂಜಿಮೌಂಟ್ ಕಮಾಂಡ್ ಬಳಸಬೇಕು. ಆ ಕಮಾಂಡ್‌ಗೆ ಬಿನ್ ಅಲ್ಲ, ಕ್ಯೂ ಫೈಲನ್ನೇ ತೋರಿಸಬೇಕು.

ಹಳೆ ಮ್ಯಾಕ್ ಪ್ರೋಗ್ರಾಂ ಒಂದು ಬರೀ ಖಾಲಿ ಐಕಾನ್ ಆಗಿ ಕಂಡರೆ ಬೇರೆ ಕಾರಣ. ಆ ಕಾಲದ ಮ್ಯಾಕ್ ಫೈಲ್‌ಗೆ ಎರಡು ಭಾಗ ಇತ್ತು: ಡೇಟಾ ಫೋರ್ಕ್, ರಿಸೋರ್ಸ್ ಫೋರ್ಕ್. ಪ್ರೋಗ್ರಾಂನ ಕೋಡ್ ಇರುತ್ತಿದ್ದದ್ದು ಹೆಚ್ಚಾಗಿ ರಿಸೋರ್ಸ್ ಫೋರ್ಕ್‌ನಲ್ಲಿ. ವಿಂಡೋಸ್ ಮೂಲಕ ಸುಮ್ನೆ ಕಾಪಿ ಮಾಡಿದರೆ ಅದು ಉದುರಿ ಹೋಗುತ್ತದೆ. ಸ್ಟಫ್‌ಇಟ್ ಫೈಲ್ (ಮ್ಯಾಕ್‌ನ ಕುಗ್ಗಿಸಿ ಕಟ್ಟಿದ ಫೈಲ್) ಆಗಲಿ ಡಿಸ್ಕ್ ಇಮೇಜ್ ಆಗಲಿ, ಮುಚ್ಚಿದ ಹಾಗೇ ಎಮ್ಯುಲೇಟರ್ ಒಳಗೆ ಒಯ್ದು, ಅಲ್ಲೇ ಬಿಚ್ಚಿ.

## ಶುರುವಿನಲ್ಲೇ ಕಪ್ಪು ಪರದೆ, ಅಥವಾ "ರಾಮ್ ಫೈಲ್ ಇಲ್ಲ" ಎಂಬ ಸಂದೇಶ

ರಾಮ್ (ROM) ಫೈಲ್ ಅಂದರೆ ಹಳೆ ಯಂತ್ರದ ಚಿಪ್‌ನಲ್ಲೇ ಅಚ್ಚಾಗಿದ್ದ ಮೂಲ ಪ್ರೋಗ್ರಾಂ, ಮೆಮೊರಿ ಅನ್ನುವ RAM ಅಲ್ಲ. ಅಮಿಗಾ, ಹಳೆ ಮ್ಯಾಕ್, 86ಬಾಕ್ಸ್ (ಹಳೆ ಪಿಸಿಯ ಎಮ್ಯುಲೇಟರ್) ಇವುಗಳಿಗೆಲ್ಲ ಅದು ಬೇಕೇ ಬೇಕು. ಡಾಸ್‌ಬಾಕ್ಸ್‌ಗೆ ಬೇಡ, ಅದರೊಳಗೆ ತನ್ನದೇ ಡಾಸ್ ಇದೆ.

ರಾಮ್ ಇದ್ದೂ ಆಟ ಓಡದಿದ್ದರೆ ಆವೃತ್ತಿ ನೋಡಿ. ಅಮಿಗಾ 500ರ ಆಟಗಳು ಹೆಚ್ಚಾಗಿ ಕಿಕ್‌ಸ್ಟಾರ್ಟ್ (ಅಮಿಗಾದ ರಾಮ್‌ನ ಹೆಸರು) 1.3 ಕೇಳುತ್ತವೆ. ಅದು 2,62,144 ಬೈಟ್. ಅಮಿಗಾ 1200ರ 3.1 ಆವೃತ್ತಿ 5,24,288 ಬೈಟ್. 1200ರ ಯಂತ್ರ ಕೊಟ್ಟು 500ರ ಆಟ ಹಾಕಿದರೆ ಶುರುವಾಗಿ ಮಧ್ಯೆ ಬಿದ್ದುಹೋಗುವುದು ಸಾಮಾನ್ಯ. ಹೊಸ ಯಂತ್ರ ಯಾವಾಗಲೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ರಾಮ್ ಫೈಲ್‌ಗಳಿಗೆ ಹಕ್ಕುದಾರರು ಇದ್ದಾರೆ. ಪ್ರೋಗ್ರಾಂ ಮಾರಾಟ ನಿಂತುಹೋಗಿದೆ ಅಂದ ಮಾತ್ರಕ್ಕೆ ಕಾಪಿರೈಟ್ ಮುಗಿದಿರುವುದಿಲ್ಲ. ಅಮಿಗಾ ರಾಮ್‌ಗಳು "ಅಮಿಗಾ ಫಾರೆವರ್" ಎಂಬ ಪ್ಯಾಕೇಜ್‌ನಲ್ಲಿ ಲೈಸೆನ್ಸ್ ಸಮೇತ ಸಿಗುತ್ತವೆ. ಆರೋಸ್ ಎಂಬ ಉಚಿತ ಬದಲಿ ರಾಮ್ ಕೂಡ ಇದೆ. ಅದರಲ್ಲಿ ಎಲ್ಲ ಆಟ ಓಡುವುದಿಲ್ಲ, ಆದರೆ ಎಮ್ಯುಲೇಟರ್ ಸರಿಯಿದೆಯಾ ಅಂತ ಪರೀಕ್ಷಿಸಲು ಸಾಕು. ಡಾಸ್ ಬೇಕಿದ್ದರೆ ಫ್ರೀಡಾಸ್ ಉಚಿತ.

## ತುಂಬಾ ವೇಗವಾಗಿ ಓಡುತ್ತದೆ, ಅಥವಾ ತೆವಳುತ್ತದೆ

ನನಗೆ ಬಹಳ ಇಷ್ಟವಾದ ಲಕ್ಷಣ ಇದು, ಯಾಕೆಂದರೆ ಹಳೆ ಪ್ರೋಗ್ರಾಂ ಏನನ್ನು ನಂಬಿತ್ತು ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. 1981ರ ಐಬಿಎಂ ಪಿಸಿಯ ಪ್ರೊಸೆಸರ್ ಓಡುತ್ತಿದ್ದದ್ದು 4.77 ಮೆಗಾಹರ್ಟ್ಸ್‌ನಲ್ಲಿ. ಆಗ ಎಷ್ಟೋ ಆಟಗಳು ಗಡಿಯಾರ ನೋಡುತ್ತಲೇ ಇರಲಿಲ್ಲ. ಪ್ರೊಸೆಸರ್ ಎಷ್ಟು ಬೇಗ ಸುತ್ತುತ್ತದೋ ಆಟ ಅಷ್ಟು ಬೇಗ ನಡೆಯುತ್ತಿತ್ತು. ಮುಂದೆ ಬಂದ ಪಿಸಿಗಳಲ್ಲಿ ಟರ್ಬೊ ಅನ್ನುವ ಗುಂಡಿ ಇರುತ್ತಿದ್ದದ್ದು ಹಳೆ ಪ್ರೋಗ್ರಾಂಗಳಿಗಾಗಿ ಯಂತ್ರವನ್ನು ನಿಧಾನ ಮಾಡಲು.

ಡಾಸ್‌ಬಾಕ್ಸ್‌ನಲ್ಲಿ ಆ ಗುಂಡಿಯ ಜಾಗದಲ್ಲಿ "ಸೈಕಲ್ಸ್" ಇದೆ. ಕಂಟ್ರೋಲ್ ಮತ್ತು ಎಫ್‌11 ಒತ್ತಿದರೆ ವೇಗ ಇಳಿಯುತ್ತದೆ, ಕಂಟ್ರೋಲ್ ಮತ್ತು ಎಫ್‌12 ಒತ್ತಿದರೆ ಏರುತ್ತದೆ. ಈಗಿನ ಲೆಕ್ಕ ವಿಂಡೋದ ಮೇಲಿನ ಪಟ್ಟಿಯಲ್ಲಿ ಕಾಣುತ್ತದೆ. ಅಂದಾಜು ಹೇಳುವುದಾದರೆ ಮೊದಲ ಪಿಸಿಗೆ 300 ಸೈಕಲ್ಸ್, 33 ಮೆಗಾಹರ್ಟ್ಸ್‌ನ 386ಕ್ಕೆ 6,000, 66 ಮೆಗಾಹರ್ಟ್ಸ್‌ನ 486ಕ್ಕೆ 25,000. ಆಟ ಬಂದ ವರ್ಷ ಗೊತ್ತಿದ್ದರೆ ಯಾವ ಅಂಕಿಯಿಂದ ಶುರು ಮಾಡಬೇಕು ಅನ್ನುವುದು ತಾನೇ ಹೊಳೆಯುತ್ತದೆ.

ನಿಧಾನ ಆದಾಗ ಸೈಕಲ್ಸ್ ಏರಿಸುತ್ತಾ ಹೋಗಿ. ಒಂದು ಹಂತದ ನಂತರ ಏರಿಸಿದಷ್ಟೂ ಆಟ ಇನ್ನೂ ನಿಧಾನವಾಗಿ, ಸದ್ದು ಒಡೆಯಲು ಶುರುವಾದರೆ ನಿಲ್ಲಿಸಿ. ನಿಮ್ಮ ಈಗಿನ ಪ್ರೊಸೆಸರ್‌ನ ಶಕ್ತಿ ಅಲ್ಲಿಗೆ ಮುಗಿಯಿತು ಅಂತ ಅರ್ಥ. ಒಂದೆರಡು ಹೆಜ್ಜೆ ಹಿಂದೆ ಬನ್ನಿ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಹಾಕಿ, ಬ್ಯಾಟರಿ ಉಳಿಸುವ ಮೋಡ್ ತೆಗೆಯಿರಿ. ಚಿತ್ರವನ್ನು ನಯ ಮಾಡುವ ಸ್ಕೇಲರ್ ಇದ್ದರೆ ಆಫ್ ಮಾಡಿ.

86ಬಾಕ್ಸ್ ಬೇರೆ ಜಾತಿಯದು. ಅದು ಮದರ್‌ಬೋರ್ಡ್‌ನಿಂದ ಹಿಡಿದು ಇಡೀ ಯಂತ್ರವನ್ನು ನಕಲು ಮಾಡುತ್ತದೆ. ಕೆಲಸ ಜಾಸ್ತಿ, ಹಾಗಾಗಿ ನಿಮ್ಮ ಕಂಪ್ಯೂಟರ್ ಮೇಲೆ ಭಾರವೂ ಜಾಸ್ತಿ. ವಿಂಡೋದಲ್ಲಿ ಶೇಕಡಾ ಲೆಕ್ಕ ತೋರಿಸುತ್ತದೆ. ಅದು 100ರಲ್ಲಿ ನಿಲ್ಲಬೇಕು. 70, 80ಕ್ಕೆ ಇಳಿಯುತ್ತಿದ್ದರೆ ಒಳಗಿನ ಯಂತ್ರದ ಪ್ರೊಸೆಸರನ್ನು ಕಡಿಮೆ ವೇಗದ್ದಕ್ಕೆ ಬದಲಿಸಿ. ತಡವರಿಸುವ ಪೆಂಟಿಯಮ್‌ಗಿಂತ ಸರಾಗವಾಗಿ ಓಡುವ 486 ಮೇಲು.

ಅಮಿಗಾ, ಕಮಡೋರ್‌ಗಳಲ್ಲಿ ಸಂಗೀತ ಸ್ವಲ್ಪ ವೇಗವಾಗಿ ಕೇಳಿದರೆ ಪ್ಯಾಲ್, ಎನ್‌ಟಿಎಸ್‌ಸಿ ಸೆಟ್ಟಿಂಗ್ ನೋಡಿ. ಇವು ಟಿವಿ ಚಿತ್ರದ ಎರಡು ಪದ್ಧತಿಗಳು: ಪ್ಯಾಲ್‌ನಲ್ಲಿ ಸೆಕೆಂಡಿಗೆ 50 ಚಿತ್ರ, ಎನ್‌ಟಿಎಸ್‌ಸಿಯಲ್ಲಿ 60. ಪ್ಯಾಲ್‌ಗೆ ಬರೆದ ಆಟವನ್ನು ಎನ್‌ಟಿಎಸ್‌ಸಿಯಲ್ಲಿ ಓಡಿಸಿದರೆ ಶೇಕಡಾ 20ರಷ್ಟು ವೇಗ ಏರುತ್ತದೆ.

## "ರನ್‌ಟೈಮ್ ಎರರ್ 200" ಅಂತ ಬಂದು ಮುಚ್ಚಿಹೋಗುತ್ತದೆ

ಇದೂ ವೇಗದ್ದೇ ಸಮಸ್ಯೆ, ಆದರೆ ಹಾಗೆ ಕಾಣುವುದಿಲ್ಲ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ಶುರುವಿನಲ್ಲೇ ಯಂತ್ರದ ವೇಗ ಅಳೆಯುತ್ತವೆ. ಪಿಸಿಯ ಗಡಿಯಾರ ಸೆಕೆಂಡಿಗೆ 18.2 ಸಲ ಮಿಡಿಯುತ್ತದೆ, ಅಂದರೆ ಒಂದು ಮಿಡಿತಕ್ಕೆ ಸುಮಾರು 55 ಮಿಲಿಸೆಕೆಂಡ್. ಅಷ್ಟರಲ್ಲಿ ಎಷ್ಟು ಸುತ್ತು ಹಾಕಿದೆ ಎಂದು ಎಣಿಸಿ 55ರಿಂದ ಭಾಗಿಸುತ್ತವೆ. ಬರುವ ಉತ್ತರ 16 ಬಿಟ್‌ನಲ್ಲಿ, ಅಂದರೆ 65,535ರ ಒಳಗೆ ಹಿಡಿಯಬೇಕು. ಪ್ರೊಸೆಸರ್ ತುಂಬಾ ವೇಗ ಇದ್ದರೆ ಹಿಡಿಯುವುದಿಲ್ಲ. ಸಂದೇಶ "ಸೊನ್ನೆಯಿಂದ ಭಾಗಿಸಿದ ತಪ್ಪು" ಅನ್ನುತ್ತದೆ, ನಿಜಕ್ಕೂ ಆದದ್ದು ಉತ್ತರ ತುಂಬಿ ಹರಿದದ್ದು.

ಸೈಕಲ್ಸ್ ಇಳಿಸಿ ಶುರು ಮಾಡಿ. ಪ್ರೋಗ್ರಾಂ ತೆರೆದ ಮೇಲೆ ಬೇಕಿದ್ದರೆ ಏರಿಸಿಕೊಳ್ಳಬಹುದು. ಅಳತೆ ನಡೆಯುವುದು ಶುರುವಿನಲ್ಲಿ ಒಂದೇ ಸಲ.

## ಸದ್ದು ಇಲ್ಲ, ಅರ್ಧ ಸದ್ದು, ಒಡೆದ ಸದ್ದು

ಸದ್ದಿನ ದೋಷದಲ್ಲಿ ಯಾವುದು ಕೇಳುತ್ತಿದೆ, ಯಾವುದು ಕೇಳುತ್ತಿಲ್ಲ ಅನ್ನುವುದೇ ಅರ್ಧ ಉತ್ತರ. ಮೊದಲು ಕಿವಿಗೊಟ್ಟು ಕೇಳಿ, ಆಮೇಲೆ ಸೆಟ್ಟಿಂಗ್ ಮುಟ್ಟಿ.

ಏನೂ ಕೇಳುತ್ತಿಲ್ಲವೇ? ನಿಮ್ಮ ಕಂಪ್ಯೂಟರ್‌ನ ವಾಲ್ಯೂಮ್ ಮಿಕ್ಸರ್‌ನಲ್ಲಿ ಎಮ್ಯುಲೇಟರ್ ಮ್ಯೂಟ್ ಆಗಿದೆಯಾ ನೋಡಿ. ಆಮೇಲೆ ಆಟದ ಫೋಲ್ಡರ್‌ನಲ್ಲಿ ಸೆಟಪ್ ಅಥವಾ ಇನ್‌ಸ್ಟಾಲ್ ಅನ್ನುವ ಫೈಲ್ ಹುಡುಕಿ ಓಡಿಸಿ. ಡಾಸ್ ಆಟಗಳು ಸೌಂಡ್ ಕಾರ್ಡನ್ನು ತಾವೇ ಹುಡುಕಿಕೊಳ್ಳುವುದು ಕಡಿಮೆ, ನಾವೇ ಹೇಳಬೇಕು. ಡಾಸ್‌ಬಾಕ್ಸ್ ಕೊಡುವ ಕಾರ್ಡ್ ಸೌಂಡ್ ಬ್ಲಾಸ್ಟರ್ 16, ವಿಳಾಸ 220, ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರ್‌ಗೆ ಸೂಚನೆ ಕೊಡುವ ದಾರಿ) 7, ಡಿಎಂಎ (ಮೆಮೊರಿಯಿಂದ ಕಾರ್ಡ್‌ಗೆ ಮಾಹಿತಿ ನೇರವಾಗಿ ಹೋಗುವ ದಾರಿ) 1. ಬಹಳ ಆಟಗಳ ಸೆಟಪ್‌ನಲ್ಲಿ ಮೊದಲೇ ಐಆರ್‌ಕ್ಯೂ 5 ಅಂತ ಬರೆದಿರುತ್ತದೆ. ಅದನ್ನು 7 ಮಾಡಿ.

ಸಂಗೀತ ಇದೆ, ಗುಂಡಿನ ಸದ್ದು, ಮಾತು ಇಲ್ಲ ಅಂದರೆ ಅದು ಐಆರ್‌ಕ್ಯೂ ಅಥವಾ ಡಿಎಂಎ ತಪ್ಪು. ಆಡ್‌ಲಿಬ್ (ಇನ್ನೊಂದು ಹಳೆ ಸೌಂಡ್ ಕಾರ್ಡ್) ರೀತಿಯ ಸಂಗೀತಕ್ಕೆ ವಿಳಾಸ ಒಂದಿದ್ದರೆ ಸಾಕು, ಧ್ವನಿಮುದ್ರಿತ ಸದ್ದಿಗೆ ಮೂರೂ ಸರಿಯಿರಬೇಕು. ಒಂದು ಸದ್ದು ಶುರುವಾಗಿ ಅದೇ ತುಣುಕು ಮತ್ತೆ ಮತ್ತೆ ಬರುತ್ತಿದ್ದರೆ ಐಆರ್‌ಕ್ಯೂ ಮೇಲೆಯೇ ಕಣ್ಣಿಡಿ. ತುಣುಕು ಮುಗಿಯಿತು ಅಂತ ಕಾರ್ಡ್ ಹೇಳುತ್ತಿದೆ, ಆಟ ಬೇರೆ ಬಾಗಿಲಲ್ಲಿ ಕಾಯುತ್ತಿದೆ.

ಸದ್ದುಗಳಿವೆ, ಸಂಗೀತ ಇಲ್ಲ ಅಂದರೆ ಎರಡು ದಾರಿ. ಆಟ ಸಿಡಿಯಲ್ಲಿ ಬಂದಿದ್ದರೆ ಮೇಲೆ ಹೇಳಿದ ಐಎಸ್‌ಓ ವಿಷಯ ನೋಡಿ. ಸೆಟಪ್‌ನಲ್ಲಿ ಜನರಲ್ ಮಿಡಿ ಅಂತ ಆರಿಸಿದ್ದರೆ ಮಿಡಿ (ಸಂಗೀತದ ಸ್ವರ ಸೂಚನೆಗಳು) ನುಡಿಸುವ ಪ್ರೋಗ್ರಾಂ ಬೇಕು. ವಿಂಡೋಸ್‌ನಲ್ಲಿ ಅದು ಮೊದಲೇ ಇದೆ, ಲಿನಕ್ಸ್‌ನಲ್ಲಿ ಫ್ಲೂಯಿಡ್‌ಸಿಂತ್‌ನಂಥದ್ದನ್ನು ಹಾಕಿಕೊಳ್ಳಬೇಕು. ಸುಮ್ನೆ ಪರೀಕ್ಷೆಗೆ ಸೆಟಪ್‌ನಲ್ಲಿ ಆಡ್‌ಲಿಬ್ ಆರಿಸಿ. ಸಂಗೀತ ಬಂದರೆ ಉಳಿದದ್ದೆಲ್ಲ ಸರಿಯಿದೆ ಅಂತ ಗೊತ್ತಾಯಿತು.

ಚಟಚಟ ಒಡೆಯುವ ಸದ್ದು ಸೌಂಡ್ ಕಾರ್ಡ್ ದೋಷವೇ ಅಲ್ಲ. ಎಮ್ಯುಲೇಟರ್‌ಗೆ ಸಮಯ ಸಾಲುತ್ತಿಲ್ಲ. ಸೈಕಲ್ಸ್ ಇಳಿಸಿ. ಆಗಲೂ ಹೋಗದಿದ್ದರೆ ಡಾಸ್‌ಬಾಕ್ಸ್‌ನ ಸೆಟ್ಟಿಂಗ್ ಫೈಲ್‌ನ ಮಿಕ್ಸರ್ ಭಾಗದಲ್ಲಿ ಪ್ರಿಬಫರ್ ಅಂಕಿ ಸ್ವಲ್ಪ ಏರಿಸಿ.

## "ಮೆಮೊರಿ ಸಾಲದು", "ಜಾಗ ಸಾಲದು"

ಇಷ್ಟು ದೊಡ್ಡ ಕಂಪ್ಯೂಟರ್‌ನಲ್ಲಿ ಜಾಗ ಸಾಲದೇ ಅಂತ ಆಶ್ಚರ್ಯ ಆಗುತ್ತದೆ ಅಲ್ವಾ? ಎಷ್ಟೋ ಸಲ ಕಾರಣ ಉಲ್ಟಾ: ಜಾಗ ಜಾಸ್ತಿ ಆಗಿದೆ. ಹಳೆ ಇನ್‌ಸ್ಟಾಲರ್‌ಗಳು ಖಾಲಿ ಜಾಗವನ್ನು 2 ಜಿಬಿವರೆಗೆ ಮಾತ್ರ ಎಣಿಸಬಲ್ಲವು. ಅದಕ್ಕಿಂತ ಮೇಲೆ ಹೋದರೆ ಅಂಕಿ ಋಣ ಸಂಖ್ಯೆ ಆಗಿಬಿಡುತ್ತದೆ. ಹಳೆ ವಿಂಡೋಸ್‌ಗೆ ಡಿಸ್ಕ್ ಇಮೇಜ್ ಮಾಡುವಾಗ 2 ಜಿಬಿಗಿಂತ ಕೆಳಗೆ ಇಡಿ. ಹೇಗೂ ಫ್ಯಾಟ್16 ಎಂಬ ಹಳೆ ಡಿಸ್ಕ್ ವ್ಯವಸ್ಥೆಯ ಮಿತಿ ಅದೇ. ಡಾಸ್‌ಬಾಕ್ಸ್‌ನಲ್ಲಿ ಮೌಂಟ್ ಮಾಡುವಾಗ ಫ್ರೀಸೈಜ್ ಎಂಬ ಆಯ್ಕೆ ಕೊಟ್ಟು ಎಷ್ಟು ಜಾಗ ತೋರಿಸಬೇಕು ಅನ್ನುವುದನ್ನು ನೀವೇ ಹೇಳಬಹುದು.

"ಪ್ಯಾಕ್ಡ್ ಫೈಲ್ ಈಸ್ ಕರಪ್ಟ್" ಅನ್ನುವ ಸಂದೇಶ ಬಂದರೆ ಗಾಬರಿಯಾಗಿ ಫೈಲ್ ಅಳಿಸಬೇಡಿ. ಫೈಲ್ ಹಾಳಾಗಿಲ್ಲ. ಪ್ರೋಗ್ರಾಂ ಮೆಮೊರಿಯ ಮೊದಲ 64 ಕೆಬಿ ಒಳಗೆ ಕೂತಾಗ, ಅದನ್ನು ಬಿಚ್ಚುವ ಹಳೆ ಕೋಡ್ ಲೆಕ್ಕ ತಪ್ಪುತ್ತದೆ, ಅಷ್ಟೇ. ಪ್ರೋಗ್ರಾಂ ಹೆಸರಿನ ಮುಂದೆ ಲೋಡ್‌ಫಿಕ್ಸ್ ಅಂತ ಸೇರಿಸಿ ಓಡಿಸಿ. ಅದು ಕೆಳಗಿನ 64 ಕೆಬಿ ತುಂಬಿಸಿ ಪ್ರೋಗ್ರಾಂ ಮೇಲೆ ಕೂರುವ ಹಾಗೆ ಮಾಡುತ್ತದೆ. ಡಾಸ್‌ಬಾಕ್ಸ್‌ನಲ್ಲಿ ಈ ಕಮಾಂಡ್ ಮೊದಲೇ ಇದೆ.

## ಚಿತ್ರ ಚಪ್ಪಟೆ, ಬಣ್ಣ ವಿಚಿತ್ರ, ಪೂರ್ಣ ಪರದೆಯಲ್ಲಿ ಕತ್ತಲೆ

ವೃತ್ತ ಮೊಟ್ಟೆಯ ಹಾಗೆ ಅಡ್ಡಲಾಗಿ ಕಂಡರೆ ಡಾಸ್‌ಬಾಕ್ಸ್‌ನ ಆಸ್ಪೆಕ್ಟ್ ಸೆಟ್ಟಿಂಗ್ ಆನ್ ಮಾಡಿ. 320x200ರ ಚಿತ್ರವನ್ನು ಆಗ 4:3 ಪರದೆಯ ತುಂಬ ತೋರಿಸುತ್ತಿದ್ದರು. ಹಾಗಾಗಿ ಒಂದೊಂದು ಚುಕ್ಕೆಯೂ ಅಗಲಕ್ಕಿಂತ 1.2 ಪಟ್ಟು ಎತ್ತರ ಇರುತ್ತಿತ್ತು. ಈಗಿನ ಪರದೆಯ ಚುಕ್ಕೆ ಚೌಕ.

ಪೂರ್ಣ ಪರದೆಗೆ ಹೋದಾಗ ಕತ್ತಲೆಯಾದರೆ ಆಲ್ಟ್ ಮತ್ತು ಎಂಟರ್ ಒತ್ತಿ ವಾಪಸ್ ಬನ್ನಿ. ಔಟ್‌ಪುಟ್ ಸೆಟ್ಟಿಂಗನ್ನು ಸರ್ಫೇಸ್‌ನಿಂದ ಓಪನ್‌ಜಿಎಲ್‌ಗೆ ಬದಲಿಸಿ ನೋಡಿ. ಡಾಸ್‌ಬಾಕ್ಸ್ ಒಳಗೆ ವಿಂಡೋಸ್ 3.1 ಹಾಕಿ ಅದು 16 ಬಣ್ಣದಲ್ಲೇ ನಿಂತಿದ್ದರೆ ಎಸ್3 ಟ್ರಯೊ64ರ ಡ್ರೈವರ್ ಹಾಕಿ. ಡಾಸ್‌ಬಾಕ್ಸ್ ನಟಿಸುವುದು ಆ ಕಾರ್ಡನ್ನೇ.

## ಮೌಸ್ ಒಳಗೆ ಸಿಕ್ಕಿಹಾಕಿಕೊಂಡಿದೆ, ಕೀಲಿ ತಪ್ಪು ಅಕ್ಷರ ಕೊಡುತ್ತದೆ

ಮೌಸ್ ಬಿಡಿಸಿಕೊಳ್ಳಲು ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಎಫ್‌10 ಒತ್ತಿ. ಇಡೀ ಯಂತ್ರವನ್ನೇ ಕೊಡುವ ವರ್ಚುವಲ್‌ಬಾಕ್ಸ್‌ನಲ್ಲಿ ಬಲಗಡೆಯ ಕಂಟ್ರೋಲ್, ಅಂಥದ್ದೇ ಆದ ಕ್ಯೂಎಂಯುನಲ್ಲಿ ಕಂಟ್ರೋಲ್, ಆಲ್ಟ್, ಜಿ ಒಟ್ಟಿಗೆ. ಅಕ್ಷರ ತಪ್ಪು ಬಂದರೆ ಡಾಸ್‌ಬಾಕ್ಸ್‌ನಲ್ಲಿ ಕೀಬಿ ಕಮಾಂಡ್ ಕೊಟ್ಟು ಯುಎಸ್ ವಿನ್ಯಾಸ ಹಾಕಿ. ಅಷ್ಟಕ್ಕೂ ಆಗದಿದ್ದರೆ ಕಂಟ್ರೋಲ್ ಮತ್ತು ಎಫ್‌1 ಒತ್ತಿ, ಕೀಲಿಗಳನ್ನು ಒಂದೊಂದಾಗಿ ಹೊಂದಿಸಬಹುದು.

## ವಿಂಡೋಸ್ 95 ಅಥವಾ 98 ಶುರುವಾಗುವುದೇ ಇಲ್ಲ

ಇಲ್ಲಿ ಎಮ್ಯುಲೇಷನ್‌ಗೂ ವರ್ಚುವಲೈಸೇಷನ್‌ಗೂ ಇರುವ ವ್ಯತ್ಯಾಸ ತಿಳಿದಿರಬೇಕು. ವರ್ಚುವಲ್‌ಬಾಕ್ಸ್‌ನಂಥವು ನಿಮ್ಮ ನಿಜವಾದ ಪ್ರೊಸೆಸರನ್ನೇ ಒಳಗಿನ ವಿಂಡೋಸ್‌ಗೆ ತೋರಿಸುತ್ತವೆ. 86ಬಾಕ್ಸ್ ಹಳೆ ಪ್ರೊಸೆಸರನ್ನು ನಕಲು ಮಾಡಿ ತೋರಿಸುತ್ತದೆ.

"ವಿಂಡೋಸ್ ಪ್ರೊಟೆಕ್ಷನ್ ಎರರ್" ವಿಂಡೋಸ್ 95ರಲ್ಲಿ ಬಂದರೆ ಕಾರಣ ಮತ್ತೆ ವೇಗ. 2.1 ಗಿಗಾಹರ್ಟ್ಸ್‌ಗಿಂತ ವೇಗದ ಪ್ರೊಸೆಸರ್ ಸಿಕ್ಕರೆ ಅದರ ನೆಟ್‌ವರ್ಕ್ ಡ್ರೈವರ್‌ನ ಸಮಯದ ಲೆಕ್ಕ ಸೊನ್ನೆಯಿಂದ ಭಾಗಿಸಲು ಹೋಗಿ ಬೀಳುತ್ತದೆ. "ಮೆಮೊರಿ ಸಾಲದು" ಅಂತ ವಿಂಡೋಸ್ 98 ಹೇಳಿದರೆ ನೀವು 512 ಎಂಬಿಗಿಂತ ಜಾಸ್ತಿ ಕೊಟ್ಟಿರುತ್ತೀರಿ. 256ಕ್ಕೆ ಇಳಿಸಿ. ವಿಂಡೋಸ್ 95ಕ್ಕೆ 64 ಎಂಬಿ ಸಾಕು.

ಮೆಮೊರಿ ಇಳಿಸಿದ ಮೇಲೂ ವರ್ಚುವಲ್‌ಬಾಕ್ಸ್‌ನಲ್ಲಿ ಬೀಳುತ್ತಲೇ ಇದ್ದರೆ ಅಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ವಿಂಡೋಸ್ 95, 98ಕ್ಕೆ ಅದರ ಗೆಸ್ಟ್ ಅಡಿಷನ್ಸ್ (ಒಳಗಿನ ವಿಂಡೋಸ್‌ಗೆ ಹಾಕುವ ಡ್ರೈವರ್‌ಗಳು) ಇಲ್ಲ, ಬಣ್ಣ, ವೇಗ ಎರಡೂ ಕೈಕೊಡುತ್ತವೆ. 86ಬಾಕ್ಸ್‌ನಲ್ಲಿ ಪೆಂಟಿಯಮ್ ಯಂತ್ರ ಕಟ್ಟಿ ಅದರಲ್ಲಿ ಹಾಕಿ. ನನ್ನ ಅನುಭವದಲ್ಲಿ ಕೊನೆಗೆ ಸಮಯ ಉಳಿಸುವ ದಾರಿ ಅದೇ. ಮತ್ತೆ ಒಂದು ಮಾತು: ವಿಂಡೋಸ್ 98ಕ್ಕೆ ಭದ್ರತಾ ಅಪ್‌ಡೇಟ್ ನಿಂತದ್ದು 2006ರ ಜುಲೈನಲ್ಲಿ. ಅದನ್ನು ಇಂಟರ್ನೆಟ್‌ಗೆ ಜೋಡಿಸಬೇಡಿ.

## ಉಳಿಸಿದ ಕೆಲಸ ಮಾಯ, ಪ್ರಿಂಟ್ ಬರುತ್ತಿಲ್ಲ

ಎಮ್ಯುಲೇಟರ್‌ನ "ಸೇವ್ ಸ್ಟೇಟ್" ಅಂದರೆ ಯಂತ್ರದ ಆ ಕ್ಷಣದ ಚಿತ್ರ. ಎಮ್ಯುಲೇಟರ್ ಆವೃತ್ತಿ ಬದಲಾದರೆ ಅದು ತೆರೆಯದೇ ಹೋಗಬಹುದು. ಮುಖ್ಯವಾದದ್ದನ್ನು ಪ್ರೋಗ್ರಾಂನ ಒಳಗಿನ ಸೇವ್ ಬಳಸಿಯೇ ಉಳಿಸಿ. ಡಿಸ್ಕ್ ಇಮೇಜ್ ರೀಡ್ ಓನ್ಲಿ ಆಗಿದೆಯಾ ಅಂತಲೂ ನೋಡಿ.

ಲೆಕ್ಕಪತ್ರ, ಗ್ರಾಹಕರ ಪಟ್ಟಿ ಇಂಥದ್ದನ್ನು ಹಳೆ ಡಾಸ್ ಪ್ರೋಗ್ರಾಂನಲ್ಲಿ ಇಟ್ಟುಕೊಂಡವರಿಗೆ ಇದು ಬಹಳ ಮುಖ್ಯ. ಮೂಲ ಡಾಸ್‌ಬಾಕ್ಸ್ ಮಾಡಿರುವುದು ಆಟಗಳಿಗಾಗಿ. ಪ್ರಿಂಟರ್ ಬೆಂಬಲ ಅದರಲ್ಲಿ ಇಲ್ಲ. ಪ್ರಿಂಟ್ ಬೇಕಿದ್ದರೆ ಡಾಸ್‌ಬಾಕ್ಸ್-ಎಕ್ಸ್ ನೋಡಿ. ಮತ್ತು ಒಂದೇ ಡೇಟಾ ಫೈಲನ್ನು ಇಬ್ಬರು ಒಂದೇ ಸಮಯಕ್ಕೆ ಎಮ್ಯುಲೇಟರ್ ಮೂಲಕ ತೆರೆಯಲೇಬೇಡಿ. ಆಟ ಹಾಳಾದರೆ ಮತ್ತೆ ಆಡಬಹುದು, ಲೆಕ್ಕ ಹಾಳಾದರೆ ಹಾಗಲ್ಲ.

## ಯಾವಾಗ ನಿಲ್ಲಿಸಬೇಕು

ಮೂಲ ಫ್ಲಾಪಿಯಿಂದ ನೀವೇ ಓದುತ್ತಿದ್ದರೆ ಮೊದಲು ಶಟರ್ ಸರಿಸಿ ಬೆಳಕಿನಲ್ಲಿ ಡಿಸ್ಕ್ ಮೇಲ್ಮೈ ನೋಡಿ. ಬಿಳಿ ಮಚ್ಚೆ, ಬೂಷ್ಟು ಕಂಡರೆ ಡ್ರೈವ್‌ಗೆ ಹಾಕಬೇಡಿ. ಆ ಡಿಸ್ಕೂ ಗೀಚಿಹೋಗುತ್ತದೆ, ಕೊಳೆ ಓದುವ ಹೆಡ್‌ಗೆ ಅಂಟಿ ಮುಂದಿನ ಡಿಸ್ಕನ್ನೂ ಕೆಡಿಸುತ್ತದೆ. ಓದುವಾಗ ಕೆರೆಯುವ ಸದ್ದು ಬಂದರೆ ಆ ಕ್ಷಣವೇ ಹೊರತೆಗೆಯಿರಿ. "ಇನ್ನೊಂದು ಸಲ" ಅಂತ ಪ್ರಯತ್ನಿಸಬೇಡಿ. ಪ್ರತಿ ಪ್ರಯತ್ನದಲ್ಲೂ ಕಾಂತ ಪದರ ಇನ್ನಷ್ಟು ಉದುರುತ್ತದೆ. ಇಂಥ ಡಿಸ್ಕ್‌ಗಳನ್ನು ಗ್ರೀಸ್‌ವೀಸಲ್, ಕ್ರಯೊಫ್ಲಕ್ಸ್‌ನಂಥ ಸಾಧನ ಬಳಸಿ ಓದಿ ರೂಢಿ ಇರುವವರಿಗೆ ಕೊಡಿ. ಅವು ಕಾಂತ ಸಂಕೇತವನ್ನೇ ನೇರವಾಗಿ ದಾಖಲಿಸುತ್ತವೆ.

ಪ್ಯಾರಲಲ್ ಪೋರ್ಟ್‌ಗೆ (ಹಳೆ ಪ್ರಿಂಟರ್ ಪೋರ್ಟ್) ಡಾಂಗಲ್, ಅಂದರೆ ಪ್ರೋಗ್ರಾಂನ ಬೀಗದ ಕೈಯಂಥ ಸಣ್ಣ ಸಾಧನ, ಸಿಕ್ಕಿಸಿದರೆ ಮಾತ್ರ ಓಡುತ್ತಿದ್ದ ಪ್ರೋಗ್ರಾಂ ಆಗಿದ್ದರೆ ಎಮ್ಯುಲೇಟರ್ ಸೆಟ್ಟಿಂಗ್‌ನಲ್ಲಿ ಉತ್ತರ ಹುಡುಕಬೇಡಿ. ಅದನ್ನು ಮಾಡಿದ ಕಂಪನಿಯನ್ನೋ ಅದರ ಹಕ್ಕು ಈಗ ಯಾರ ಹತ್ತಿರ ಇದೆಯೋ ಅವರನ್ನೋ ಕೇಳಿ.

ಹಳೆ ಯಂತ್ರವನ್ನೇ ತೆರೆದು ಹಾರ್ಡ್ ಡಿಸ್ಕ್ ತೆಗೆಯಬೇಕಾಗಿ ಬಂದರೆ ಪವರ್ ಸಪ್ಲೈ ಡಬ್ಬಿಯನ್ನಾಗಲೀ ದಪ್ಪ ಗಾಜಿನ ಮಾನಿಟರ್ ಹಿಂಭಾಗವನ್ನಾಗಲೀ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ. ಮದರ್‌ಬೋರ್ಡ್ ಮೇಲೆ ಬ್ಯಾಟರಿ ಸೋರಿ ಹಸಿರು ಕಿಲುಬು ಕಟ್ಟಿದ್ದರೆ ಬರಿ ಕೈಯಲ್ಲಿ ಮುಟ್ಟಬೇಡಿ, ಆನ್ ಕೂಡ ಮಾಡಬೇಡಿ. ಡಿಸ್ಕ್ ಒಂದನ್ನೇ ಬಿಚ್ಚಿಕೊಂಡು, ಅದರ ಪೂರ್ತಿ ಇಮೇಜ್ ತೆಗೆದುಕೊಡುವವರ ಬಳಿ ಹೋಗಿ. ಆ ಇಮೇಜ್ ಕೈಗೆ ಬಂದ ದಿನ ಅದರ ಎರಡು ಕಾಪಿ ಎರಡು ಬೇರೆ ಕಡೆ ಇಡಿ. ಒಂದನ್ನು ರೀಡ್ ಓನ್ಲಿ ಮಾಡಿ, ಇನ್ನೊಂದನ್ನು ಎಮ್ಯುಲೇಟರ್‌ಗೆ ಕೊಡಿ.